ಐದು ಕೋರ್ಸು, ಒಂದು ಆಸ್ಪತ್ರೆ: ಹಾಸನದ ಆರೋಗ್ಯ ವಿಜ್ಞಾನ ಕಾಲೇಜೊಂದರ ಪ್ರಕರಣ

ಹಾಸನ ನಗರದ ಅಂಚಿನಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ ಇದೆ. 120 ಹಾಸಿಗೆ. ಅದೇ ಆವರಣದಲ್ಲಿ ಮೊದಲು ನರ್ಸಿಂಗ್ ಡಿಪ್ಲೊಮಾದ (ಜಿಎನ್‌ಎಂ) ಶಾಲೆ ಇತ್ತು, ಆಮೇಲೆ ಬಿ.ಎಸ್ಸಿ ನರ್ಸಿಂಗ್ ಬಂತು. ನರ್ಸಿಂಗಿನ ಮೊದಲ ಬ್ಯಾಚ್ ಇನ್ನೂ ಹೊರಬಿದ್ದಿರಲಿಲ್ಲ, ಅಷ್ಟರಲ್ಲೇ ಗೇಟಿನ ಬೋರ್ಡು ಬದಲಾಗಿ 'ಆರೋಗ್ಯ ವಿಜ್ಞಾನ ಸಂಸ್ಥೆ' ಆಯಿತು. ಬೋರ್ಡಿಗೆ ತಕ್ಕ ಕೋರ್ಸು ಬೇಕಲ್ಲ! 2022ರಲ್ಲಿ ಒಂದೇ ಏಟಿಗೆ ಐದು ಪದವಿ ತೆರೆಯುವ ಪ್ರಸ್ತಾವ ಮೇಜಿಗೆ ಬಂತು: ಲ್ಯಾಬ್ ಟೆಕ್ನಾಲಜಿ, ಇಮೇಜಿಂಗ್ (ಎಕ್ಸ್‌ರೇ, ಸ್ಕ್ಯಾನಿಂಗ್), ಅನಸ್ತೇಸಿಯಾ ಮತ್ತು ಓಟಿ (ಆಪರೇಷನ್ ಥಿಯೇಟರ್), ಡಯಾಲಿಸಿಸ್, ಫಿಸಿಯೋಥೆರಪಿ.

ನಾನು ಅಲ್ಲಿ ನರ್ಸಿಂಗ್ ಪಾಠ ಮಾಡುತ್ತೇನೆ. ಈ ಪ್ರಸ್ತಾವ ನೋಡಿದ ಸಮಿತಿಯ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಿತ್ತು, ಹಾಗಾಗಿ ಇಡೀ ಕಥೆ ಹತ್ತಿರದಿಂದ ನೋಡಲು ಸಿಕ್ಕಿತು. ಸಂಸ್ಥೆಯ ಹೆಸರು, ಜನರ ಹೆಸರು ಇಲ್ಲಿ ಬೇಡ. ಗುರುತು ಸಿಗುವ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ಟ್ರಸ್ಟಿನ ಲೆಕ್ಕ

ಟ್ರಸ್ಟಿನ ಕಾರ್ಯದರ್ಶಿಯವರನ್ನು ಬರೀ ದುಡ್ಡಿನ ಆಸೆಯವರು ಅಂದುಬಿಡುವುದು ಸುಲಭ. ಆದರೆ ಅವರ ಲೆಕ್ಕದಲ್ಲಿ ಹುರುಳಿತ್ತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕೆಳಗೆ ಬರುವ ಅಲೈಡ್ ಹೆಲ್ತ್ (ಲ್ಯಾಬ್, ಡಯಾಲಿಸಿಸ್ ಥರದ ಆರೋಗ್ಯ ವೃತ್ತಿಗಳ) ಬಿ.ಎಸ್ಸಿ ಕೋರ್ಸುಗಳು ಮೂರು ವರ್ಷದ ಓದು, ಮೇಲೊಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪಾಠ: ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋಬಯಾಲಜಿ. ಒಂದೇ ಕೋರ್ಸಿಗೆ ಇಷ್ಟೂ ಜನ ಅಧ್ಯಾಪಕರನ್ನು ಇಟ್ಟುಕೊಂಡರೆ ಸಂಬಳಕ್ಕೇ ಫೀಸು ಮುಗಿಯುತ್ತದೆ. ನಾಲ್ಕು ಕೋರ್ಸಿನವರನ್ನು ಒಂದೇ ಕ್ಲಾಸಿನಲ್ಲಿ ಕೂರಿಸಿದರೆ ಅದೇ ಅಧ್ಯಾಪಕರು ಸಾಕು. ಬೇಡಿಕೆಯೂ ಇತ್ತು. ಅರಕಲಗೂಡು, ಆಲೂರು, ಸಕಲೇಶಪುರ ಕಡೆಯ ಮಕ್ಕಳು ಇಂಥ ಕೋರ್ಸಿಗೆ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಹಾಸ್ಟೆಲ್ ಹಿಡಿಯುತ್ತಿದ್ದರು. 2006ರಲ್ಲಿ ಹಾಸನಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೆ ಊರಿನಲ್ಲಿ ಸ್ಕ್ಯಾನಿಂಗ್ ಸೆಂಟರು, ಲ್ಯಾಬು, ನರ್ಸಿಂಗ್ ಹೋಮು ಜಾಸ್ತಿಯಾಗಿವೆ. ಎಲ್ಲರಿಗೂ ಕೆಲಸ ಗೊತ್ತಿರುವವರು ಬೇಕು.

"ಮೊದಲ ವರ್ಷದ ಖರ್ಚು ಹೇಗೂ ಆಗುತ್ತೆ ಮೇಡಂ. ಐದು ಹಾಕೋಣ" ಎಂದು ಕಾರ್ಯದರ್ಶಿ ಪ್ರಿನ್ಸಿಪಾಲರಿಗೆ ಹೇಳಿದರು.

ಪ್ರಿನ್ಸಿಪಾಲ್ ಮೇಡಂ ಅದಕ್ಕೆ ಕೇಳಿದ್ದು ಒಂದೇ ಪ್ರಶ್ನೆ: "ಸರಿ ಸಾರ್. ಎರಡನೇ ವರ್ಷದಲ್ಲಿ ಈ ಮಕ್ಕಳು ಎಲ್ಲಿ ನಿಂತುಕೊಳ್ಳುತ್ತಾರೆ?"

ಅವರು ಕೇಳಿದ್ದು ಕ್ಲಾಸ್‌ರೂಮಿನ ವಿಷಯವಲ್ಲ. ಪೋಸ್ಟಿಂಗ್ ವಿಷಯ, ಅಂದರೆ ಆಸ್ಪತ್ರೆಯ ವಿಭಾಗಗಳಲ್ಲಿ ನಿಂತು ಕೆಲಸ ಕಲಿಯುವ ಪಾಳಿ. ಎರಡನೇ ವರ್ಷದಿಂದ ಕೋರ್ಸುಗಳು ಬೇರೆಬೇರೆ ದಾರಿ ಹಿಡಿಯುತ್ತವೆ. ಆಗ ಬೇಕಾಗುವುದು ಯಂತ್ರ, ರೋಗಿ ಮತ್ತು ಪಕ್ಕದಲ್ಲಿ ನಿಂತು ಕೈಹಿಡಿದು ಕಲಿಸುವ ಒಬ್ಬ ಅನುಭವಿ. ನನ್ನ ಅಭಿಪ್ರಾಯ ಕೇಳಿದರೆ, ಹೊಸ ಕಾಲೇಜುಗಳ ವಿಸ್ತರಣೆ ಮುಗ್ಗರಿಸುವುದು ಇಲ್ಲೇ. ಮೊದಲ ವರ್ಷ ಯಾರ ಕಣ್ಣಿಗೂ ತೊಂದರೆ ಕಾಣುವುದಿಲ್ಲ. ಕಟ್ಟಡ ಇದೆ, ಮೈಕ್ರೋಸ್ಕೋಪು ಇವೆ, ಲೈಬ್ರರಿಯ ರಿಜಿಸ್ಟರು ಸರಿಯಾಗಿದೆ. ಅಫಿಲಿಯೇಶನ್ (ವಿಶ್ವವಿದ್ಯಾಲಯದ ಸಂಯೋಜನೆ) ಪರಿಶೀಲನೆಗೆ ಎಲ್‌ಐಸಿ ಎಂಬ ವಿಶ್ವವಿದ್ಯಾಲಯದ ಸಮಿತಿ ಬಂದಾಗ ಆ ದಿನ ಇರುವುದನ್ನು ನೋಡುತ್ತದೆ. ಮೂರು ವರ್ಷದ ಮೇಲೆ ಏನಿರಬೇಕು ಎಂದು ನೋಡಬೇಕಾದವರು ಕಾಲೇಜಿನವರೇ.

ನರ್ಸಿಂಗಿನಲ್ಲೇ ಇದರ ರುಚಿ ನಮಗೆ ಸಿಕ್ಕಿತ್ತು. ಭಾರತೀಯ ನರ್ಸಿಂಗ್ ಪರಿಷತ್ತು ಬಿ.ಎಸ್ಸಿ ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಕೇಳುತ್ತದೆ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕ. ಹಾಸಿಗೆ ಇದ್ದರೆ ಸಾಲದು, ಅದರಲ್ಲಿ 75 ಶೇಕಡಾ ತುಂಬಿರಬೇಕು. ನಮ್ಮಲ್ಲಿ ಡೆಂಗಿ ಕಾಲದಲ್ಲಿ ವಾರ್ಡು ತುಂಬಿ ತುಳುಕುತ್ತದೆ. ಮಿಕ್ಕ ಸಮಯದಲ್ಲಿ ಮೆಡಿಕಲ್ ವಾರ್ಡಿನ ಅರ್ಧ ಮಂಚ ಖಾಲಿ. ಹೆರಿಗೆಯಂತೂ ಬಹುಪಾಲು ಸರ್ಕಾರಿ ಆಸ್ಪತ್ರೆಗೇ ಹೋಗುತ್ತದೆ. ನಮ್ಮ ಲೇಬರ್ ರೂಮಿನಲ್ಲಿ ಒಂದು ಹೆರಿಗೆಗೆ ಆರೇಳು ಹುಡುಗಿಯರು ಲಾಗ್‌ಬುಕ್ ಹಿಡಿದು ಕಾಯುತ್ತಿದ್ದರು.

ಕ್ಯಾಲೆಂಡರಿನ ಹಿಂಬದಿ

ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಹಳಬರು. ಮೀಟಿಂಗಿನಲ್ಲಿ ಜಾಸ್ತಿ ಮಾತಾಡುವವರಲ್ಲ. ಅವರು ಹಳೇ ಗೋಡೆ ಕ್ಯಾಲೆಂಡರ್ ತಂದು, ಹಿಂಬದಿಯ ಬಿಳಿ ಭಾಗದಲ್ಲಿ ಮನೆ ಮನೆ ಗೆರೆ ಎಳೆದರು. ಎಡಗಡೆ ಆಸ್ಪತ್ರೆಯ ವಿಭಾಗಗಳು: ಓಟಿ, ಐಸಿಯು, ಡಯಾಲಿಸಿಸ್, ಲ್ಯಾಬ್, ಎಕ್ಸ್‌ರೇ. ಮೇಲ್ಗಡೆ ವರ್ಷಗಳು. ಪ್ರತಿ ಮನೆಯಲ್ಲಿ ಒಂದು ಪಾಳಿಗೆ ಎಷ್ಟು ವಿದ್ಯಾರ್ಥಿಗಳು ಇರುತ್ತಾರೆ ಎಂದು ಪೆನ್ಸಿಲ್ಲಿನಲ್ಲಿ ಬರೆಯುತ್ತಾ ಹೋದರು.

ಆ ಹಾಳೆ ಐದು ಕೋರ್ಸಿನ ಹಣೆಬರಹ ತೀರ್ಮಾನಿಸಿತು ಅಂದರೆ ತಪ್ಪಿಲ್ಲ.

ಇಮೇಜಿಂಗ್ ಮೊದಲು ಬಿತ್ತು. ನಮ್ಮಲ್ಲಿ ಸ್ವಂತದ್ದು ಅಂತ ಇದ್ದದ್ದು ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್. ಅಲ್ಟ್ರಾಸೌಂಡನ್ನು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಅರ್ಹ ವೈದ್ಯರೇ ಮಾಡಬೇಕು, ಟೆಕ್ನಿಷಿಯನ್ ಮಾಡುವಂತಿಲ್ಲ. ಸಿ.ಟಿ. ಯಂತ್ರ ಆವರಣದೊಳಗೇ ಇತ್ತು, ಆದರೆ ಹೊರಗಿನ ಸಂಸ್ಥೆಯೊಂದು ಗುತ್ತಿಗೆಗೆ ನಡೆಸುತ್ತಿತ್ತು. ಅವರು ವಿದ್ಯಾರ್ಥಿಗಳನ್ನು ಒಳಗೆ ಬಿಡಲು ಒಪ್ಪಲಿಲ್ಲ. ಎಂಆರ್‌ಐ ಇರಲಿಲ್ಲ. ಎದೆಯ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಂಡು ಮೂರು ವರ್ಷ ಬರೀ ಎಕ್ಸ್‌ರೇ ತೆಗೆದವರನ್ನು ಇಮೇಜಿಂಗ್ ಪದವೀಧರರು ಅಂತ ಕಳಿಸುವುದಾದರೂ ಹೇಗೆ?

ಫಿಸಿಯೋಥೆರಪಿಯನ್ನು ಬೇರೆಯದೇ ಕಾರಣಕ್ಕೆ ಮುಂದೂಡಲಾಯಿತು. ಅದು ಉಳಿದವುಗಳ ಜೊತೆ ಪಾಠ ಹಂಚಿಕೊಳ್ಳುವ ಕೋರ್ಸಲ್ಲ. ಅವಧಿಯೇ ಬೇರೆ, ಅಧ್ಯಾಪಕರೇ ಬೇರೆ, ಓಪಿಡಿಯೇ ಬೇರೆ. ಜೊತೆಗೆ 2021ರಲ್ಲಿ ಅಲೈಡ್ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿತ್ತು. ನಿಯಮಗಳು ಬದಲಾಗುತ್ತವೆ ಎಂಬ ಸುಳಿವು ಎಲ್ಲರಿಗೂ ಇತ್ತು. 2025ರ ಏಪ್ರಿಲ್‌ನಲ್ಲಿ ಹತ್ತು ವೃತ್ತಿಗಳ ಹೊಸ ಪಠ್ಯಕ್ರಮ ಹೊರಬಂದಾಗ ಫಿಸಿಯೋಥೆರಪಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷ ಆಯಿತು. ಹಳೆಯ ನಾಲ್ಕೂವರೆ ವರ್ಷದ ಲೆಕ್ಕ ಹಾಕಿ ಕೋರ್ಸು ಶುರು ಮಾಡಿದ್ದರೆ ನಡುವೆಯೇ ಎಲ್ಲ ತಿರುಗಿಸಿ ಬರೆಯಬೇಕಿತ್ತು.

ಉಳಿದದ್ದು ಮೂರು. ಲ್ಯಾಬ್ ಟೆಕ್ನಾಲಜಿಗೆ ಯಾರ ತಕರಾರೂ ಇರಲಿಲ್ಲ. ದಿನವೂ ಸ್ಯಾಂಪಲ್ ಬರುತ್ತದೆ, ಲ್ಯಾಬ್ ಇನ್‌ಚಾರ್ಜ್‌ಗೆ ಕಲಿಸುವ ಹುಚ್ಚಿದೆ. ಯಂತ್ರ ಒಂದು ನಿಮಿಷದಲ್ಲಿ ರಕ್ತದ ಎಣಿಕೆ ಕೊಡುತ್ತದೆ. ಆದರೂ ಅವರು ಪ್ರತಿ ವಿದ್ಯಾರ್ಥಿಯ ಕೈಗೆ ನ್ಯೂಬಾವರ್ ಚೇಂಬರ್ (ಎಣಿಕೆಗೆ ಗೆರೆ ಕೊರೆದ ಗಾಜಿನ ಸ್ಲೈಡು) ಕೊಟ್ಟು, ಮೈಕ್ರೋಸ್ಕೋಪಿನಡಿ ಬಿಳಿ ರಕ್ತಕಣಗಳನ್ನು ಒಂದೊಂದೇ ಎಣಿಸುವುದನ್ನು ಕಲಿಸುತ್ತಾರೆ. "ಮಲೆನಾಡಲ್ಲಿ ಮಳೆಗಾಲಕ್ಕೆ ಕರೆಂಟ್ ಎಷ್ಟೊತ್ತಿರುತ್ತೆ ಅಂತ ಗೊತ್ತಲ್ವಾ? ಮೆಷಿನ್ ನಿಂತ ದಿನ ನೀನೇ ಮೆಷಿನ್" ಅನ್ನುವುದು ಅವರ ಮಾಮೂಲಿ ಮಾತು. ಓಟಿ ಕೋರ್ಸಿಗೆ ಎರಡು ಥಿಯೇಟರ್ ಇದ್ದವು, ಒಂದೊಂದಕ್ಕೆ ಇಬ್ಬರು ವಿದ್ಯಾರ್ಥಿಗಳು ಎಂದು ಸರ್ಜನರು ಮೊದಲೇ ಹೇಳಿಬಿಟ್ಟರು. ಆ ಲೆಕ್ಕಕ್ಕೇ ಸೀಟು ಕೇಳಲಾಯಿತು.

ನಾಲ್ಕು ಯಂತ್ರ

ಡಯಾಲಿಸಿಸ್ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಘಟಕದಲ್ಲಿ ನಾಲ್ಕು ಯಂತ್ರ. ಬೆಳಗ್ಗೆ ಆರಕ್ಕೆ ಒಂದು ಪಾಳಿ, ಹನ್ನೊಂದಕ್ಕೆ ಇನ್ನೊಂದು. ಒಬ್ಬರಿಗೆ ಸುಮಾರು ನಾಲ್ಕು ಗಂಟೆ. ಯಂತ್ರದೊಳಗೆ ನಿಮಿಷಕ್ಕೆ ಅರ್ಧ ಲೀಟರ್ ದ್ರಾವಣ ಹರಿಯುತ್ತದೆ. ಅಂದರೆ ಒಬ್ಬ ರೋಗಿಗೆ ಒಂದು ಸಲಕ್ಕೆ 120 ಲೀಟರ್ ಆರ್‌ಓ ನೀರು. ಎರಡು ಪಾಳಿ, ನಾಲ್ಕು ಯಂತ್ರ ಅಂದರೆ ದಿನಕ್ಕೆ 960 ಲೀಟರ್ ಶುದ್ಧ ನೀರೇ ಬೇಕು. ಶುದ್ಧ ಮಾಡುವಾಗ ಆಚೆ ಹೋಗುವ ನೀರು ಬೇರೆ. ಮೂರನೇ ಪಾಳಿ ಹಾಕೋಣ ಎಂದಾಗ ಅಡ್ಡ ಬಂದದ್ದು ಸಿಬ್ಬಂದಿ ಅಲ್ಲ, ಬೋರ್‌ವೆಲ್. ನಾಲ್ಕರಲ್ಲಿ ಒಂದು ಯಂತ್ರ ಹೆಪಟೈಟಿಸ್ ಬಿ ಇರುವ ರೋಗಿಗಳಿಗೆಂದೇ ಮೀಸಲು. ಅದರ ಹತ್ತಿರ ಹೊಸಬರನ್ನು ಬಿಡುವುದಿಲ್ಲ. ಕಲಿಯಲು ಉಳಿದದ್ದು ಮೂರೇ.

ಟ್ರಸ್ಟು 15 ಸೀಟು ಕೇಳಿತು, 15 ಸಿಕ್ಕಿತು. 2023ರಲ್ಲಿ ಅಡ್ಮಿಶನ್ ಆಯಿತು. ಕ್ಯಾಲೆಂಡರಿನ ಹಿಂದೆ ಸೂಪರಿಂಟೆಂಡೆಂಟ್ ಬರೆದಿದ್ದ ಅಂಕಿ ಆಗ ಯಾರಿಗೂ ತಲೆಗೆ ಹೋಗಿರಲಿಲ್ಲ: ವರ್ಷಕ್ಕೆ 15 ಅಂದರೆ ನಾಲ್ಕನೇ ವರ್ಷಕ್ಕೆ ಘಟಕದಲ್ಲಿ ಎರಡನೇ ವರ್ಷದವರು, ಮೂರನೇ ವರ್ಷದವರು, ಇಂಟರ್ನ್‌ಗಳು ಸೇರಿ 45 ಮಂದಿ. ಮೂರು ಯಂತ್ರಕ್ಕೆ 45.

ಮದುವೆಗೆ ಛತ್ರ ಹಿಡಿದು, ಕಾರ್ಡು ಹಂಚಿ, ಅಡುಗೆಯವರನ್ನು ಆಮೇಲೆ ಹುಡುಕಿದ ಹಾಗಾಯಿತು.

ಮೊದಲ ಬ್ಯಾಚ್ ಎರಡನೇ ವರ್ಷಕ್ಕೆ ಬಂದಾಗ ಒಂದು ಬೆಳಗ್ಗೆ ಘಟಕದಲ್ಲಿ ಕಂಡದ್ದು ಹೇಳುತ್ತೇನೆ. ಆಲೂರು ಕಡೆಯ ಒಬ್ಬ ಅಜ್ಜ, ವಾರಕ್ಕೆ ಎರಡು ಸಲ ಬರುವವರು. ಒಬ್ಬಳು ವಿದ್ಯಾರ್ಥಿನಿ ರಕ್ತ ಸೋಸುವ ಡಯಲೈಸರ್‌ಗೆ ಸಲೈನ್ ಹರಿಸಿ, ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಗಾಳಿಗುಳ್ಳೆ ಹೊರಗೆ ಕಳಿಸುತ್ತಿದ್ದಳು. ಚೆನ್ನಾಗಿಯೇ ಮಾಡುತ್ತಿದ್ದಳು. ಸುತ್ತ ಐದು ಜನ ಇಣುಕುತ್ತಿದ್ದರು. ಸೂಜಿ ಹಾಕುವ ಹೊತ್ತಿಗೆ ಅಜ್ಜ ಫಿಸ್ಟುಲಾ (ಡಯಾಲಿಸಿಸ್ ಸೂಜಿಗೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇದ್ದ ಕೈ ಹಿಂದಕ್ಕೆ ಎಳೆದುಕೊಂಡರು. "ಬ್ಯಾಡ ಕಣವ್ವ, ನೀನು ನೋಡ್ಕ. ಆ ಅಕ್ಕನ್ನೇ ಕರಿ" ಅಂದರು. ಆ ಕೈ ಅವರ ಜೀವನಾಡಿ. ರಕ್ತನಾಳ ಕೆಟ್ಟರೆ ಮತ್ತೆ ಆಪರೇಷನ್. ಅವರ ಮಾತಲ್ಲಿ ತಪ್ಪೇನಿದೆ? ಇದ್ದ ಒಬ್ಬರೇ ಅನುಭವಿ ಟೆಕ್ನಾಲಜಿಸ್ಟ್ ನಾಲ್ಕೂ ಮಂಚಕ್ಕೆ ಓಡಾಡಬೇಕಿತ್ತು. ಕಲಿಸಲು ಅವರಿಗೆ ಪುರುಸೊತ್ತೇ ಇರಲಿಲ್ಲ.

ಪರಿಹಾರ ಕಂಡದ್ದು ಮೂರು ದಿಕ್ಕಿನಿಂದ. ಒಂದು, ಮುಂದಿನ ವರ್ಷಕ್ಕೆ ಸೀಟು ಇಳಿಸುವ ತೀರ್ಮಾನ. ಕಾರ್ಯದರ್ಶಿ ತಿಂಗಳಾನುಗಟ್ಟಲೆ ಒಪ್ಪಲಿಲ್ಲ, ಕೊನೆಗೆ ಪ್ರಿನ್ಸಿಪಾಲರು ಆ ಕ್ಯಾಲೆಂಡರನ್ನೇ ಅವರ ಚೇಂಬರಿನ ಗೋಡೆಗೆ ಅಂಟಿಸಿದ ಮೇಲೆ ಹತ್ತಕ್ಕೆ ಒಪ್ಪಿದರು. ಎರಡು, ಇನ್ನೊಬ್ಬ ಟೆಕ್ನಾಲಜಿಸ್ಟ್. ಅವರ ಕೆಲಸವೇ ಕಲಿಸುವುದು, ಪಾಳಿಯ ಜವಾಬ್ದಾರಿ ಇಲ್ಲ. ಮೂರನೆಯದು ಹೊರಗಿನ ಡಯಾಲಿಸಿಸ್ ಘಟಕಗಳ ಜೊತೆ ಒಪ್ಪಂದ. ಇಲ್ಲಿ ದೂರದ ಲೆಕ್ಕ ಬಂತು. ನರ್ಸಿಂಗಿನಲ್ಲಿ ಹೊರಗಿನ ಆಸ್ಪತ್ರೆ 15ರಿಂದ 30 ಕಿಲೋಮೀಟರ್ ಒಳಗಿರಬೇಕು, ಗುಡ್ಡಗಾಡಾದರೆ 50ರವರೆಗೆ ಸಡಿಲ. ನಾವು ಅದೇ ಅಳತೆಗೋಲನ್ನು ಇದಕ್ಕೂ ಇಟ್ಟುಕೊಂಡೆವು. ಆಲೂರು ಸಲೀಸು. ಸಕಲೇಶಪುರ, ಬೇಲೂರು ಎರಡೂ ಸುಮಾರು 40 ಕಿಲೋಮೀಟರ್. ಹೋಗಿ ಬರುವುದರಲ್ಲೇ ದಿನದ ಕಾಲುಭಾಗ ಹೋಗುತ್ತದೆ.

ಹತ್ತಿರದ ಒಂದು ಘಟಕ ಒಪ್ಪಿತು. ವಾರಕ್ಕೆ ಮೂರು ದಿನ, ಒಂದು ಸಲಕ್ಕೆ ನಾಲ್ವರು.

ಬಸ್ಸು ಮತ್ತು ಹಾಸ್ಟೆಲ್ಲು

ಯಾರ ಯೋಜನಾ ವರದಿಯಲ್ಲೂ ಇರದ ಸಮಸ್ಯೆ ಒಂದು ಬಂತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಓಡಾಟ ಉಚಿತವಾಯಿತು. ಆ ವರ್ಷದ ಅಡ್ಮಿಶನ್ನಿನಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುತ್ತಿತ್ತು. ಅರಕಲಗೂಡು, ಹೊಳೆನರಸೀಪುರ ಕಡೆಯ ಅಪ್ಪಂದಿರು "ಹಾಸ್ಟೆಲ್ ಬೇಡ ಸಾರ್, ಮಗಳು ದಿನಾ ಬಂದು ಹೋಗ್ತಾಳೆ" ಅಂದರು. ಹಾಸ್ಟೆಲ್ ಖರ್ಚು ಉಳಿಯುವುದರಿಂದಲೇ ಎಷ್ಟೋ ಮನೆಗಳಲ್ಲಿ ಓದಿಸುವ ಧೈರ್ಯ ಬಂತು. ಒಳ್ಳೆಯದೇ ಆಯಿತು. ಮೊದಲ ವರ್ಷದ ಒಂಬತ್ತೂವರೆ ಕ್ಲಾಸಿಗೆ ಏನೂ ತೊಂದರೆ ಇರಲಿಲ್ಲ.

ಎರಡನೇ ವರ್ಷಕ್ಕೆ ಡಯಾಲಿಸಿಸ್ ಪಾಳಿ ಬೆಳಗ್ಗೆ ಆರಕ್ಕೆ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತ ತೆಗೆಯುವುದು ಏಳಕ್ಕೆ. ಹಳ್ಳಿಯಿಂದ ಮೊದಲ ಬಸ್ಸು ಹಾಸನ ಮುಟ್ಟುವುದೇ ಎಂಟೂವರೆಗೆ. ರೋಗಿಗೆ ಸೂಜಿ ಹಾಕಿ, ಯಂತ್ರಕ್ಕೆ ಜೋಡಿಸುವ ಆ ಮೊದಲ ಅರ್ಧ ಗಂಟೆಯೇ ಕಲಿಯಬೇಕಾದ ಅರ್ಧ ಗಂಟೆ. ಅದನ್ನೇ ತಪ್ಪಿಸಿಕೊಂಡು ಒಂಬತ್ತಕ್ಕೆ ಬಂದವರು ಯಂತ್ರದ ಪರದೆ ನೋಡುತ್ತಾ ಕೂರುತ್ತಿದ್ದರು.

ಪೋಸ್ಟಿಂಗ್ ಇರುವ ವಾರಗಳಿಗೆ ಮಾತ್ರ ಉಳಿದುಕೊಳ್ಳಲು ನರ್ಸಿಂಗ್ ಹಾಸ್ಟೆಲ್ಲಿನ ಒಂದು ಮಹಡಿ ಬಿಟ್ಟುಕೊಡಲಾಯಿತು. ದಿನದ ಲೆಕ್ಕದಲ್ಲಿ ಊಟದ ದುಡ್ಡು. ಈಗ ಅಡ್ಮಿಶನ್ ಕೌಂಟರಿನಲ್ಲೇ ಪಾಳಿಯ ವಿಷಯ ಹೇಳುತ್ತಾರೆ. "ರಾತ್ರಿ ಡ್ಯೂಟಿ ಇರುತ್ತಾ?" ಎಂದು ಕೇಳುವ ತಂದೆತಾಯಿಗೆ ಇರುತ್ತದೆ ಎಂದೇ ಉತ್ತರ. ಅದನ್ನು ಕೇಳಿ ಎದ್ದು ಹೋದವರೂ ಇದ್ದಾರೆ.

ಹೃದಯದ ಗಾಬರಿ

ಈ ಗಲಾಟೆಯ ನಡುವೆ 2025ರ ಮೇ, ಜೂನ್ ಬಂತು. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಒಂದರ ಹಿಂದೆ ಒಂದು ಸುದ್ದಿಯಾದವು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಗಾಬರಿಯಾಗಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಕಾಣುತ್ತಿಲ್ಲ ಎಂದು ಸಮಿತಿ ಜುಲೈನಲ್ಲಿ ಹೇಳಿತು. ಊರಿನ ಭಯ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ.

ಟ್ರಸ್ಟಿನ ಸಭೆಯಲ್ಲಿ ಹೊಸ ಕೋರ್ಸಿನ ಹೆಸರು ಬಂತು: ಕಾರ್ಡಿಯಾಕ್ ಕೇರ್ ಟೆಕ್ನಾಲಜಿ. "ಈ ವರ್ಷ ತೆಗೆದರೆ ಸೀಟು ಒಂದೂ ಉಳಿಯಲ್ಲ" ಎಂದು ಒಬ್ಬ ಟ್ರಸ್ಟಿ ಹೇಳಿದರು. ನಿಜವೇ, ಉಳಿಯುತ್ತಿರಲಿಲ್ಲ. ಆದರೆ ನಮ್ಮಲ್ಲಿ ಕ್ಯಾಥ್ ಲ್ಯಾಬ್ (ಆಂಜಿಯೋಗ್ರಾಂ ಮಾಡುವ ಕೊಠಡಿ) ಇಲ್ಲ. ಹೃದಯ ತಜ್ಞರು ಹೊರಗಿನಿಂದ ವಾರದಲ್ಲಿ ಎರಡು ದಿನ ಬಂದು ಎಕೋ (ಹೃದಯದ ಸ್ಕ್ಯಾನ್) ಮಾಡಿ ಹೋಗುತ್ತಾರೆ. ಸೂಪರಿಂಟೆಂಡೆಂಟ್ ಕ್ಯಾಲೆಂಡರಿನಲ್ಲಿ ಹೊಸ ಸಾಲು ಎಳೆದು, ಎರಡನೇ ವರ್ಷದ ಮನೆಯಲ್ಲಿ ಏನೂ ಬರೆಯದೆ ಪೆನ್ಸಿಲ್ ಕೆಳಗಿಟ್ಟರು. ಈ ಸಲ ಕಾರ್ಯದರ್ಶಿಯೇ "ಬೇಡ ಬಿಡಿ" ಅಂದರು. ಡಯಾಲಿಸಿಸ್ ಪಾಠ ಕಲಿಸಿತ್ತು.

ಅದರ ಬದಲು ಬಂದ ಸಲಹೆ ನನಗೆ ಇಡೀ ಪ್ರಕರಣದಲ್ಲೇ ಹೆಚ್ಚು ಹಿಡಿಸಿದ್ದು. ಎದೆನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ರಾಜ್ಯದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ದೊಡ್ಡ ಕೇಂದ್ರಕ್ಕೆ ಹೋಗುತ್ತದೆ, ಅಗತ್ಯ ಬಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತವಾಗಿ ಸಿಗುತ್ತದೆ. ಆದರೆ ಆ ಇಸಿಜಿ ಸರಿಯಾಗಿ ತೆಗೆದಿರಬೇಕಲ್ಲ! ಕೈಕಾಲಿಗೆ ನಾಲ್ಕು, ಎದೆಗೆ ಆರು ಎಲೆಕ್ಟ್ರೋಡ್. ಎದೆಯ ಮೊದಲ ಎರಡು ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ, ಎದೆಮೂಳೆಯ ಎರಡೂ ಬದಿಗೆ ಬರಬೇಕು. ಅವಸರದಲ್ಲಿ ಎಲ್ಲರೂ ಮೇಲೆ ಅಂಟಿಸುತ್ತಾರೆ, ಕುತ್ತಿಗೆಯ ಕಡೆಗೆ. ಚಿತ್ರವೇ ಬದಲಾಗಿ ಬರುತ್ತದೆ. ಪಕ್ಕೆಲುಬನ್ನು ಬೆರಳಿನಿಂದ ಎಣಿಸಿಕೊಂಡು ಇಳಿಯುವುದನ್ನು ಕಲಿಸಲು ಹೊಸ ಪದವಿ ಬೇಕಿಲ್ಲ. ಇರುವ ನರ್ಸಿಂಗ್ ಮತ್ತು ಓಟಿ ವಿದ್ಯಾರ್ಥಿಗಳಿಗೆ ತುರ್ತು ವಿಭಾಗದಲ್ಲಿ ಇಸಿಜಿ ಪೋಸ್ಟಿಂಗ್ ಸೇರಿಸಲಾಯಿತು. ಕೊನೆಯ ಸೆಮಿಸ್ಟರಿನ ನರ್ಸಿಂಗ್ ವಿದ್ಯಾರ್ಥಿಗಳು ಹೇಗೂ ವಾರಕ್ಕೆ 48 ಗಂಟೆ ಆಸ್ಪತ್ರೆಯಲ್ಲೇ ಇರುತ್ತಾರೆ. ಅವರು ಕಿರಿಯರಿಗೆ ಹೇಳಿಕೊಡುತ್ತಾರೆ.

ಇದರಿಂದ ಟ್ರಸ್ಟಿಗೆ ಒಂದು ರೂಪಾಯಿ ಫೀಸೂ ಹೆಚ್ಚಿಗೆ ಬರಲಿಲ್ಲ. ಅದನ್ನೂ ಹೇಳಬೇಕು. ಅಲೈಡ್ ಕೋರ್ಸುಗಳ ಮೊದಲ ವರ್ಷದ ಅಧ್ಯಾಪಕರ ಸಂಬಳ ಈಗಲೂ ಭಾರವೇ. ಸೀಟು ಇಳಿಸಿದ ಮೇಲೆ ಇನ್ನೂ ಭಾರ.

ಈಗಿನ ಸ್ಥಿತಿ

ಹೊಸ ಕೋರ್ಸಿನ ಮಾತು ಬಂದಾಗ ಈಗ ಪ್ರಿನ್ಸಿಪಾಲರು ಮೊದಲು ಕೇಳುವುದು ಮೂರು ವರ್ಷದ ಪಾಳಿ ಪಟ್ಟಿ. ಒಂದೇ ಹಾಳೆ. ಯಾವ ವಿಭಾಗ, ಯಾವ ಯಂತ್ರ, ಒಂದು ಪಾಳಿಗೆ ಎಷ್ಟು ಮಂದಿ, ಕಲಿಸುವವರು ಯಾರು, ಅವರಿಗೆ ಬೇರೆ ಡ್ಯೂಟಿ ಇದೆಯೋ ಇಲ್ಲವೋ. ಕಟ್ಟಡದ ನಕ್ಷೆ ಆಮೇಲೆ. ಕಾರ್ಯದರ್ಶಿಯವರು ಇದಕ್ಕೆ ಗೊಣಗುತ್ತಾರೆ, ಆದರೆ ಹಾಳೆ ತರುತ್ತಾರೆ.

ಇಮೇಜಿಂಗ್ ಕಡತ ಮತ್ತೆ ಮೇಲೆ ಬಂದಿದೆ. ಸಿ.ಟಿ. ಗುತ್ತಿಗೆ ಮುಗಿಯುತ್ತಿದೆ, ಯಂತ್ರವನ್ನು ಟ್ರಸ್ಟೇ ಕೊಳ್ಳುವ ಮಾತು ನಡೆದಿದೆ. ಸ್ವಂತ ಯಂತ್ರ ಬಂದರೆ ಎರಡನೇ ವರ್ಷದ ಮನೆ ತುಂಬುತ್ತದೆ, ಮೂರನೇ ವರ್ಷದ ಎಂಆರ್‌ಐ ಮನೆ ಮಾತ್ರ ಖಾಲಿ. ಅದಕ್ಕೆ ಊರಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಪತ್ರ ಬರೆದಿದ್ದಾರೆ. ಒಪ್ಪಿಗೆ ಕಾಗದ ಕೈಗೆ ಬರುವವರೆಗೆ ಅಫಿಲಿಯೇಶನ್ ಅರ್ಜಿಗೆ ಸಹಿ ಹಾಕುವುದಿಲ್ಲ ಎಂದು ಪ್ರಿನ್ಸಿಪಾಲರು ಕಳೆದ ಸಭೆಯಲ್ಲಿ ಹೇಳಿದ್ದಾರೆ. ನಡಾವಳಿಯಲ್ಲಿ ಅದನ್ನು ಹಾಗೇ ಬರೆದಿದ್ದೇನೆ.